ಒಲೆ ಹಚ್ಚಿದವರ ಹೆಸರು

ಸೆಲ್ಯೋರ್, ಟೆಲೆಮಾರ್ಕ್, ನಾರ್ವೆ
ಜೂನ್ ೧೯

ಪ್ರೀತಿಯ ಸಿಗ್ನೆ,

ಮಣಿಕಟ್ಟಿನ ಪಟ್ಟಿ ಬಿಚ್ಚಿದರೇ? ಬಿಚ್ಚಿದ ಕೂಡಲೇ ದೋಣಿಗೆ ಹುಟ್ಟು ಹಾಕಲು ಹೋಗಬೇಡ. ನಾನು ಆರೋಗ್ಯವಾಗಿದ್ದೇನೆ, ಬೆನ್ನು ಮಾತ್ರ ಕಾರಿನ ಸೀಟಿನ ಆಕಾರಕ್ಕೆ ಬಂದಿದೆ. ನಿನ್ನ ಪತ್ರ ಕೋಟಿನ ಜೇಬಿನಲ್ಲೇ ಇದೆ. ನಿನ್ನನ್ನು ಹುಟ್ಟಿಸಿದವನು ಇಪ್ಪತ್ತು ವರ್ಷಗಳ ಮೇಲೆ ಬಂದು, ನಿನ್ನ ಮದುವೆಗೆ ಮೊದಲು ಹೌಗ್ ಎಂಬ ನನ್ನ ಮನೆತನದ ಹೆಸರು ಬಿಟ್ಟು ತನ್ನದನ್ನು ಇಟ್ಟುಕೋ ಎಂದಿದ್ದಾನೆ; ನೀವೇನಂತೀರಿ ಎಂದು ನೀನು ಕೇಳಿ ಮೂರು ವಾರವಾಯಿತು. ಉತ್ತರ ಬರೆಯುವ ಬದಲು ನಾನು ಗೆಳೆಯ ವರ್ಲಿನ್ ಜೊತೆ ನಾರ್ವೆಗೆ ವಿಮಾನ ಹತ್ತಿದೆ. ಹನ್ನೊಂದು ದಿನವಾಯಿತು, ಯಾವ ಊರಲ್ಲೂ ಕಾಫಿ ಆರುವಷ್ಟು ಹೊತ್ತು ಕೂತಿಲ್ಲ. ಅಮೆರಿಕಕ್ಕೆ ಬಂದ ತನ್ನ ಹಿರಿಯರ ಊರು ನೋಡುವ ಆಸೆ ವರ್ಲಿನ್‌ನದು, ಹೊರಡೋಣ ಹೊರಡೋಣ ಎನ್ನುವವನು ನಾನು. "ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರೇನೋ ನಿನ್ನ?" ಎಂದು ನಗುತ್ತಾನೆ.

ಇವತ್ತು ಅವನ ನೆಂಟರ ಮನೆ, ಬ್ರೆಕ್ಕೆ ಎಂಬ ಹೊಲಮನೆ. ಅವನ ಮನೆತನದ ಹೆಸರೂ ಅದೇ; ವರ್ಲಿನ್ ಬ್ರೆಕ್ಕೆ ಬಂದದ್ದು ಬ್ರೆಕ್ಕೆಗೇ. ಜೂನಿನ ಬಿಸಿಲಲ್ಲೂ ಉಣ್ಣೆಯ ಸ್ವೆಟರ್ ಹಾಕಿಕೊಂಡು, ಹಾಸಿಗೆ ಹೊದಿಕೆಯಷ್ಟು ದೊಡ್ಡ ವಂಶವೃಕ್ಷವನ್ನು ಗುನ್ವೋರ್ ಎಂಬ ಎಂಬತ್ತರ ಮುದುಕಿಯ ಮೇಜಿನ ಮೇಲೆ, ವಾಫಲ್ ಎಂಬ ಸಿಹಿ ದೋಸೆಯ ತಟ್ಟೆಯೂ ಮುಚ್ಚುವಂತೆ ಹಾಸಿಬಿಟ್ಟ. ಗೋಡೆಯ ಫೋಟೋಗಳಿಗೆ ತನ್ನ ಮೂಗು ಹೋಲಿಸಿ ನೋಡಿದ. ಅವನಿಗೆ ಭಾಷೆ ಬಾರದು; ಅಜ್ಜಿಯಿಂದ ಕಲಿತ ನನ್ನ ಹರಕುಮುರುಕು ನಾರ್ವೇಜಿಯನ್ನೇ ಸೇತುವೆ. ಮುದುಕಿ ಕಾಫಿ ಬಗ್ಗಿಸುತ್ತ ಮೆಲ್ಲಗೆ ಹೇಳಿದಳು: "ನಿನ್ನ ಗೆಳೆಯ ನಮ್ಮ ರಕ್ತ ಅಲ್ಲಪ್ಪ. ಅವನ ಮುತ್ತಜ್ಜ ಮೇಲಿನ ಗುಡಿಸಲಿನ ಕೂಲಿಯಾಳು. ನಮ್ಮಜ್ಜನೂ ಆಚೆ ಕಣಿವೆಯಿಂದ ಬಂದವನೇ. ಇಲ್ಲಿ ಒಲೆ ಹಚ್ಚಿದವರೆಲ್ಲ ಬ್ರೆಕ್ಕೆ, ಬಿಟ್ಟು ಹೋದ್ರೆ ಹೋದಲ್ಲಿನ ಹೆಸರು. ಅಮೆರಿಕಕ್ಕೆ ಹೋದವರು ಅದನ್ನ ಮರೆತು ರಕ್ತ ಅಂದ್ಕೊಂಡ್ರು. ನೀನ್ ಹೇಳ್ತೀಯೋ, ನಾನೇ ಹೇಳ್ಲೋ?"

ನಾನೇ ಹೇಳಿದೆ. ಅರವತ್ತು ವರ್ಷ ಆ ಹೆಸರನ್ನು ಎದೆಗವಚಿಕೊಂಡಿದ್ದ ಮನುಷ್ಯ ಹಾಳೆಯ ಮಡಿಕೆಗಳನ್ನು ಒಂದೊಂದಾಗಿ ಸವರಿದ. ಆಮೇಲೆ, "ಹಾಗಾದ್ರೆ ಈ ಮೂಗು ಯಾರದಂತೆ, ಕೇಳು," ಎಂದ. ನಾನು ಕೇಳಿದೆ. "ಯಾರದಾದ್ರೇನು, ವಾಫಲ್ ತಣ್ಣಗಾಗತ್ತೆ ಅನ್ನು," ಎಂದಳು ಮುದುಕಿ. ಆಮೇಲೆ ಪೆನ್ಸಿಲ್ ತಗೊಂಡು, ಹಾಳೆಯಲ್ಲಿ ವರ್ಲಿನ್ ಹೆಸರಿನ ಪಕ್ಕ ತನ್ನ ಹೆಸರು ಬರೆದಳು. ನಡುವೆ ಗೆರೆ ಎಳೆಯಲಿಲ್ಲ.

ಸಂಜೆ ಮೂವರೂ ಗುಡಿಸಲಿದ್ದ ಜಾಗಕ್ಕೆ ಹತ್ತಿ ಹೋದೆವು. ಉಳಿದಿರುವುದು ಒಲೆಯ ಕಲ್ಲು ಒಂದೇ. ವರ್ಲಿನ್ ಅದರ ಮೇಲೆ ಕೂತವನು ಏಳಲೊಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ನನಗೂ ಹೊರಡೋಣ ಅನ್ನಿಸಲಿಲ್ಲ.

ನಿನ್ನ ಕೈ ಹಿಡಿಯಲಿರುವ ಡೇಲ್‌ಗೆ ನನ್ನ ನೆನಪು ಹೇಳು. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ಓರಿನ್

ಮರೆತ ಮಾತು: ಯಾವ ಹೆಸರಾದರೂ ಇಟ್ಟುಕೋ, ನನಗೇನೂ ಅನಿಸುವುದಿಲ್ಲ ಎಂದು ಮೂರು ಸಲ ಬರೆದು ಹರಿದೆ. ಅನಿಸುತ್ತದೆ. ಹೌಗ್ ಬಿಡಬೇಡ. ನಿನ್ನ ಅಮ್ಮನನ್ನು ಮದುವೆಯಾಗಿ ಮನೆಗೆ ಕರೆತಂದ ದಿನ, ಒದ್ದೆ ಸೌದೆ ಎಂದು ನಾನು ಗೊಣಗುತ್ತಿದ್ದಾಗ, ಕಡ್ಡಿ ಗೀರಿ ಒಲೆಗೆ ಹಾಕಿದವಳು ನೀನು, ನಾಲ್ಕು ವರ್ಷದವಳು. ನಾನು ಬೈದು ಕಡ್ಡಿಪೆಟ್ಟಿಗೆ ಕಿತ್ತುಕೊಂಡೆ. ಒಲೆ ಹತ್ತಿತ್ತು.