ಮೂರು ಸಭೆಗಳ ಗೈರುಹಾಜರಿ

ರಾವಿಯಾ,

ಇವತ್ತು ಬೆಳಿಗ್ಗೆ ನಿನ್ನನ್ನು ಸಂಘದಿಂದ ತೆಗೆದುಹಾಕಿದೆವು. ಕೈದಿಗಳ ಮನೆಯವರಿಗೆ ಆಸರೆಯಾಗಲೆಂದು ನಮ್ಮ ಮನ್ಸೂರಾ ಪಟ್ಟಣದಲ್ಲಿ ನೀನೇ ಕಟ್ಟಿದ ಸಂಘದಿಂದ.

ಭದ್ರತಾ ಇಲಾಖೆಯ ಅಧಿಕಾರಿಯೊಬ್ಬ ಮಫ್ತಿಯಲ್ಲಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಅಧ್ಯಕ್ಷರಾದ ವಗ್ದಿ ತಾವೇ ಹೋಗಿ ಅವನ ಕೈಗೆ ಚಹಾ ಕೊಟ್ಟರು. ಆಮೇಲೆ ನಿಯಮಾವಳಿ ತೆರೆದು, "ರಾವಿಯಾ ಸತತ ಮೂರು ಸಭೆಗೆ ಬಂದಿಲ್ಲ. ರಜಾಚೀಟಿನೂ ಕಳಿಸಿಲ್ಲ. ಸದಸ್ಯತ್ವ ರದ್ದು ಮಾಡ್ಬೇಕಾಗತ್ತೆ" ಎಂದರು.

ಸಂಘದ ಬೆರಳಚ್ಚುಗಾರ್ತಿ ಬುಸೈನಾ ಒಬ್ಬಳೇ ಎದ್ದು ನಿಂತಳು.

"ಅವಳೇನು ತವರಿಗೆ ಹೋಗಿದಾಳಾ, ಸಾಹೇಬ್ರೇ? ಜೈಲಲ್ಲಿದಾಳೆ. ರಜಾಚೀಟಿ ಯಾರ ಕೈಲಿ ಕಳಿಸ್ಬೇಕಿತ್ತು? ಅಗೋ, ಅಲ್ಲಿ ಚಹಾ ಕುಡೀತಿದಾರಲ್ಲ, ಅವರ ಕೈಲಾ?"

ಅಧಿಕಾರಿ ನಕ್ಕ. ಅವನು ನಕ್ಕಿದ್ದನ್ನು ನೋಡಿ ಎಲ್ಲರೂ ನಕ್ಕರು. ಒಪ್ಪುವವರು ಕೈ ಎತ್ತಿ ಎಂದು ವಗ್ದಿ ಹೇಳಿದಾಗ ನಾನೂ ಎತ್ತಿದೆ.

ಬುಸೈನಾ ಎತ್ತಲಿಲ್ಲ. "ಥೂ, ನಿಮ್ಮ ಜನ್ಮಕ್ಕಿಷ್ಟು" ಎಂದು ಚೀಲವನ್ನು ಹೆಗಲಿಗೇರಿಸಿ ಹೊರಟುಹೋದಳು.

"ಹೋದೋಳನ್ನ ಬಿಡು. ಸರ್ವಾನುಮತ ಅಂತ ಬರ್ಕೊಳಮ್ಮ" ಎಂದರು ವಗ್ದಿ. ಕಾರ್ಯದರ್ಶಿ ನಾನು, ಬರೆದುಕೊಂಡೆ. ಆಮೇಲೆ ಬಸ್ಬೂಸಾ ಸಿಹಿ ಹಂಚಿದರು. ನನ್ನ ಪಾಲಿನ ತುಂಡನ್ನು ಬೇಡವೆನ್ನದೆ ತಿಂದೆ.

ನಿರ್ಣಯದ ಪ್ರತಿಯನ್ನು ಸಂಬಂಧಪಟ್ಟವರಿಗೆ ಕಳಿಸಬೇಕೆಂಬುದೂ ನಿಯಮವೇ. ನಿನ್ನನ್ನು ಹಿಡಿದೊಯ್ದ ಮೇಲಿನ ಈ ಹನ್ನೊಂದು ತಿಂಗಳಲ್ಲಿ ಮೊದಲ ಸಲ ಲಕೋಟೆಯ ಮೇಲೆ ನಿನ್ನ ಹೆಸರು, ಜೈಲಿನ ವಿಳಾಸ ಬರೆದೆ. ಖುದ್ದಾಗಿ ತಲುಪಿಸುತ್ತೇನೆಂದು ಅಧಿಕಾರಿ ಅದನ್ನು ಜೇಬಿಗಿಟ್ಟುಕೊಂಡ.

ಈ ಕಾಗದ ನಿನಗೆ ಸಿಗುವುದಿಲ್ಲ. ಆ ಪ್ರತಿ ಸಿಗುತ್ತದೆ. ಅಕ್ಷರ ಯಾರದೆಂದು ನೋಡಿದ ಕೂಡಲೇ ನಿನಗೆ ಗೊತ್ತಾಗುತ್ತದೆ.

ಇನ್‌ಶಿರಾಹ್