ತಿಮಿಂಗಿಲದ ಪುಟ ಮುಚ್ಚಬೇಡ

ಗುಬ್ಬಿ,

ಮುಖ ಊದಿಸಿಕೊಂಡು ಕೂರಬೇಡ, ನಿನ್ನ ಶಾಲೆಯ ಆನ್‌ಲೈನ್ ಲೈಬ್ರರಿ ಮತ್ತೆ ತೆರೆದಿದೆ. ಹೊಸ ಪಾಸ್‌ವರ್ಡ್ ಬರೆದ ಚೀಟಿ ನಿನ್ನ ಜಾಮಿಟ್ರಿ ಡಬ್ಬಿಯಲ್ಲಿದೆ. ನಾಳೆ ಒಪ್ಪಿಸಬೇಕಾದ ತಿಮಿಂಗಿಲದ ಪ್ರಬಂಧವನ್ನು ಇವತ್ತೇ ಬರೆದು ಮುಗಿಸು. ಹಾಲು ಒಲೆಯ ಮೇಲಿದೆ.

ಅದು ಲಾಕ್ ಆಗಿದ್ದು ನಿನ್ನಿಂದಲ್ಲ, ನನ್ನಿಂದ. ನೀನು ತೆರೆದಿಟ್ಟು ಆಟಕ್ಕೆ ಹೋಗಿದ್ದ ತಿಮಿಂಗಿಲದ ಪುಟವನ್ನು ಕದ್ದು ಓದುತ್ತಿದ್ದೆ. ಬಾಗಿಲ ಸದ್ದಾಯಿತೆಂದು ಗಾಬರಿಯಲ್ಲಿ ಮುಚ್ಚಿದೆ, ಮತ್ತೆ ತೆರೆಯಲು ಪಾಸ್‌ವರ್ಡ್ ಗೊತ್ತಿಲ್ಲದೆ ಐದು ಸಲ ಏನೇನೋ ಒತ್ತಿದೆ. ನೀನು ಅಳುವಾಗಲೂ ಬಾಯಿ ಬಿಡಲಿಲ್ಲ.

ಬೆಳಿಗ್ಗೆ ಲೈಬ್ರರಿ ಮೇಡಂಗೆ ಎಲ್ಲ ಹೇಳಿಬಿಟ್ಟೆ. “ಮನೆಯವ್ರೂ ಓದ್ಲಿ ಅಂತಾನೇ ಕೊಟ್ಟಿರೋದಮ್ಮ, ಕದ್ದು ಯಾಕೆ?” ಎಂದು ನಕ್ಕರು. ಎದೆ ಹಗುರಾಯಿತು.

ಹೊಲಿಗೆ ಅಂಗಡಿಯಿಂದ ಆರಕ್ಕೆ ಬರುತ್ತೇನೆ. ಬರೆದಾದ ಮೇಲೆ ಪುಟ ಮುಚ್ಚಬೇಡ. ಮರಿ ತನ್ನ ತಾಯಿಯ ದನಿ ಗುರುತಿಸುವಲ್ಲಿಗೆ ನಿಲ್ಲಿಸಿದ್ದೇನೆ. ಉಳಿದದ್ದನ್ನು ನಿನ್ನ ಪಕ್ಕದಲ್ಲೇ ಕೂತು ಓದುತ್ತೇನೆ.

ಅಕ್ಕ