ಕಾಗದದ ಆ ತುದಿ

ತಾ. ೧೪, ಗುರುವಾರ

ಪ್ರೀತಿಯ ಅಕ್ಕನಿಗೆ, ನಿಮ್ಮ ಓರಗಿತ್ತಿ ಮಾಡುವ ನಮಸ್ಕಾರಗಳು.

ಮನೆ ಪಾಲಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮೇಲೆ ಇದೇ ನನ್ನ ಮೊದಲ ಪತ್ರ. ತಡವಾಯಿತು, ಬೈದುಕೊಳ್ಳಬೇಡಿ. ಎರಡು ಬೀದಿ ಆಚೆಗಿನ ಮನೆಗೆ ಅಂಚೆ ಹಾಕಲು ನಾಚಿಕೆಯಾಗುತ್ತಿತ್ತು. ದೇವರ ದಯೆಯಿಂದ ಉಂಡುಕೊಂಡು ಓಡಾಡಿಕೊಂಡು ಇದ್ದೇವೆ. ನನ್ನ ಬಲ ಭುಜ ಮಾತ್ರ ಮುನಿಸಿಕೊಂಡಿದೆ. ಚಿತ್ರ ಅಚ್ಚು ಹಾಕುವ ಪ್ರೆಸ್ಸಿನ ಚಕ್ರ ತಿರುಗಿಸಿದ ದಿನ ತಲೆ ಬಾಚಿಕೊಳ್ಳಲೂ ಕೈ ಏಳುವುದಿಲ್ಲ. ಡಾಕ್ಟರು, "ಅಮ್ಮಾ, ಇನ್ಮೇಲೆ ಕೂತು ಮಾಡೋ ಕೆಲಸ ನೋಡ್ಕೊಳ್ಳಿ" ಅಂದರು. "ಕೂತು ಮಾಡೋದು ಪ್ರಾರ್ಥನೆ ಒಂದೇ ಡಾಕ್ಟ್ರೇ, ಅದಕ್ಕೆ ಯಾರೂ ಸಂಬಳ ಕೊಡಲ್ಲ" ಅಂದೆ.

ಕಲಾಶಾಲೆಯವರು ನನ್ನ ಇಷ್ಟು ವರ್ಷದ ಕೆಲಸವನ್ನೆಲ್ಲ ಒಟ್ಟಿಗೆ ತೂಗುಹಾಕುತ್ತಾರಂತೆ. ಬಟ್ಟೆಗೆ ಅಚ್ಚು ಹಾಕುತ್ತಿದ್ದ ಕಾಲದ ತುಂಡುಗಳು, ಆಮೇಲೆ ಮರ ಕೊರೆದು ಕಾಗದಕ್ಕೆ ಇಳಿಸಿದವು, ಅದರ ಮೇಲೆ ನೂಲು ಹೊಲಿದವು, ನಿಮ್ಮ ಹಳೇ ಹೊದಿಕೆ ಕತ್ತರಿಸಿ ಅಂಟಿಸಿದ್ದೂ ಸೇರಿ. ಆರಿಸಲು ಬಂದ ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಇತ್ತೀಚೆಗೆ ಚಿಕ್ಕ ಚಿಕ್ಕ ಚಿತ್ರಕ್ಕೆ ಇಳಿದಿದೀರಿ. ಏನು ಸಂಯಮ! ಮಾಗಿದವರ ಲಕ್ಷಣ ಇದು" ಎಂದರು. ನಗು ತಡೆಯಲಾಗದೆ ಮಸಿಕೈಯಲ್ಲೇ ಬಾಯಿ ಮುಚ್ಚಿಕೊಂಡೆ, ಮೀಸೆ ಬಂತು. ಮಾಗುವುದೆಲ್ಲಿ ಬಂತು! ಆಳೆತ್ತರದ ಒದ್ದೆ ಕಾಗದವನ್ನು ಮಸಿ ಬಳಿದ ಹಲಗೆಯ ಮೇಲೆ ಒಬ್ಬಳೇ ಹೇಗೆ ಇಳಿಸಲಿ? ಆ ತುದಿ ಹಿಡಿಯಲು ನೀವಿಲ್ಲ. ಒಂದು ಸಲ ನಿಮ್ಮ ಮೈದುನನನ್ನೇ ನಿಲ್ಲಿಸಿಕೊಂಡೆ. "ಬಿಡ್ಲಾ? ಬಿಡ್ಲಾ?" ಅನ್ನುತ್ತಲೇ ಬಿಟ್ಟರು. ಕಾಗದ ಜಾರಿ ಚಿತ್ರದ ಹೆಂಗಸಿಗೆ ಎರಡು ಮೂಗು ಬಂತು. ನಮ್ಮಿಬ್ಬರಿಗೆ ಮಾತೇ ಬೇಕಿರಲಿಲ್ಲ. ನಾನು ಉಸಿರು ಬಿಟ್ಟರೆ ನೀವು ಕಾಗದ ಬಿಡುತ್ತಿದ್ದಿರಿ.

ಸಾಕಾಗಿದೆ ಅಕ್ಕ. ಪ್ರದರ್ಶನ ಮುಗಿದ ಮೇಲೆ ಪ್ರೆಸ್ಸನ್ನು ಕಲಾಶಾಲೆಗೇ ಕೊಟ್ಟುಬಿಡುತ್ತೇನೆ. ಅದಕ್ಕೆ ಮುಂಚೆ ಒಂದೇ ಒಂದು ದೊಡ್ಡದು ಅಚ್ಚಾಗಬೇಕು. ಹಲಗೆ ಕೊರೆದು ಗೋಡೆಗೆ ಒರಗಿಸಿದ್ದೇನೆ. ಬರುವ ಸೋಮವಾರ ಇವರು ಊರಲ್ಲಿರುವುದಿಲ್ಲ. ಬೆಳಗ್ಗೆಯೇ ಕಾಗದ ನೆನೆಸಿ ಬಾಗಿಲು ತೆರೆದಿಟ್ಟಿರುತ್ತೇನೆ. ಭಾವನವರಿಗೆ ಹೇಳಿ ಬರುವುದೋ ಹೇಳದೆ ಬರುವುದೋ ನಿಮಗೆ ಬಿಟ್ಟದ್ದು. ನೀವು ಬರದಿದ್ದರೆ ಆ ಹಲಗೆಗೆ ಮಸಿ ಹಚ್ಚುವುದಿಲ್ಲ.

ದೇವರು ನಿಮ್ಮನ್ನು, ಮಕ್ಕಳನ್ನು, ಭಾವನವರನ್ನೂ ತಣ್ಣಗಿಟ್ಟಿರಲಿ. ದಿನಾ ದೀಪ ಹಚ್ಚುವಾಗ ಎರಡೂ ಮನೆಯನ್ನು ನೆನೆದೇ ಕೈ ಮುಗಿಯುತ್ತೇನೆ.

ಇಂತಿ ನಿಮ್ಮ
ತಂಗಿ

ಮರೆತ ಮಾತು: ಹೋದ ವಾರ ಔಷಧಿ ಅಂಗಡಿಯ ಮುಂದೆ ನನ್ನನ್ನು ಕಂಡು ನೀವು ರಸ್ತೆಯ ಆಚೆ ಬದಿಗೆ ದಾಟಿಕೊಂಡಿರಿ. ಭಾವನವರು ಜೊತೆಗಿದ್ದಾರೇನೋ, ಅದಕ್ಕೇ ಇರಬೇಕು ಎಂದು ಸುತ್ತ ಹುಡುಕಿದೆ. ಯಾರೂ ಇರಲಿಲ್ಲ ಅಕ್ಕ. ನೀವೊಬ್ಬರೇ ಇದ್ದಿರಿ.